ಬಸ್ಸಿನಲ್ಲಿ ಕೂತ ಪುರಸಭೆ

ಜೂನ್ 4

ಅಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ. ಕೆಲಸ ಹೋಗಿಲ್ಲ, ಜ್ವರ ಬಂದಿಲ್ಲ, ನಿನಗೆ ಹೇಳದೆ ಮದುವೆಯನ್ನೂ ಆಗಿಲ್ಲ. ನಮ್ಮ ಯೋಜನಾ ಕಚೇರಿಯಲ್ಲಿ ಒಂದು ಸುತ್ತೋಲೆ ಬಂದಿದೆ, ಅಷ್ಟೆ. ಸುತ್ತಲಿನ ಊರುಗಳನ್ನು ನಗರಕ್ಕೆ ಸೇರಿಸುವ ಕೆಲಸದಲ್ಲಿರುವ ನಾವು ಆ ಊರುಗಳ ಪ್ರತಿನಿಧಿಗಳ ಜೊತೆ ಈ ವಿಷಯವನ್ನು ಬಾಯಿಮಾತಿನಲ್ಲಿ ಆಡಕೂಡದಂತೆ. ಆಡುವುದಿದ್ದರೆ ಬರವಣಿಗೆಯಲ್ಲೇ ಆಡಬೇಕಂತೆ. ನಮ್ಮೂರಿನ ಪುರಸಭೆಯ ಅಧ್ಯಕ್ಷೆ ಯಾರು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಮೇಲಧಿಕಾರಿಯ ಹತ್ತಿರ ಹೋಗಿ, ಅಧ್ಯಕ್ಷೆ ನನ್ನ ಅಮ್ಮ, ಈ ಕಡತ ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡೆ. ಕೊಡುವುದಕ್ಕೆ ಬೇರೆಯವರು ಎಲ್ಲಿದ್ದಾರೆ ಎಂದು ಅವರು ಖಾಲಿ ಮೇಜುಗಳ ಕಡೆ ಕೈ ತೋರಿಸಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, ಹಾಗಾದರೆ ಅಮ್ಮನಿಗೆ ಕಾಗದ ಬರೆಯಿರಿ ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ತಿಳಿಯಲಿಲ್ಲ. ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಹೊಳೆಯಾಚೆಯ ಊರುಗಳೆಲ್ಲ, ನಮ್ಮೂರೂ ಸೇರಿ, ಹೊಸ ವರ್ಷದಿಂದ ನಗರದ ಭಾಗವಾಗಬೇಕೆಂದು ಕರಡು ಸಿದ್ಧವಾಗಿದೆ. ನಮ್ಮ ಪುರಸಭೆ ಇರುವುದಿಲ್ಲ. ಊರು ಒಂದು ವಾರ್ಡ್ ಆಗುತ್ತದೆ. ಬೇಡವೆನ್ನುವವರು ಈ ತಿಂಗಳು ಮುಗಿಯುವುದರೊಳಗೆ ಪುರಸಭೆಯ ನಿರ್ಣಯದೊಂದಿಗೆ ಆಕ್ಷೇಪಣೆ ಸಲ್ಲಿಸಬಹುದು.

ನನ್ನ ಅಭಿಪ್ರಾಯವನ್ನು ನೀನು ಕೇಳಿಯೇ ಕೇಳುತ್ತೀಯ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಸೇರುವುದು ಒಳ್ಳೆಯದು. ನಗರದ ಗೋಡೆಗಳಿಗೆ ಬಣ್ಣ ಬಳಿಯುವವರು ನಮ್ಮವರು, ಅದರ ಆಸ್ಪತ್ರೆಯ ಹಾಸಿಗೆಗಳಿಗೆ ಬಟ್ಟೆ ಹಾಸುವವಳು ನೀನು. ಆದರೆ ನಗರ ತನ್ನ ದುಡ್ಡನ್ನು ಹಂಚುವಾಗ ನಾವು ಹೊಳೆಯಾಚೆಯವರು. ಇದು ನನಗೆ ಮೊದಲಿನಿಂದಲೂ ಸರಿಕಾಣುವುದಿಲ್ಲ.

ಮನೆಗೆ ಬರಬಹುದು, ಬೇರೆ ಮಾತು ಆಡಬಹುದು ಎಂದು ಸುತ್ತೋಲೆಯಲ್ಲೇ ಇದೆ. ನಮ್ಮ ಮನೆಯಲ್ಲಿ ಪುರಸಭೆ ಬಿಟ್ಟು ಬೇರೆ ಮಾತು ಎಲ್ಲಿದೆ ಅಮ್ಮಾ? ಅದಕ್ಕೇ ಇದು ಮುಗಿಯುವವರೆಗೆ ಬರುವುದಿಲ್ಲ. ಅಪ್ಪನ ಸೊಂಟ ಹೇಗಿದೆ ಎಂದು ಬರೆ.

ನಿನ್ನ ಮಗಳು


ಜೂನ್ 12

ಯೋಜನಾ ಕಚೇರಿಯ ಘನತೆವೆತ್ತ ಅಧಿಕಾರಿಗಳ ಸನ್ನಿಧಿಗೆ,

ನಿನ್ನನ್ನು ಹೆತ್ತ ಪ್ರತಿನಿಧಿ ಬರೆಯುವುದೇನೆಂದರೆ, ಕಾಗದ ತಲುಪಿತು. ಮೊದಲ ಸಾಲು ಓದಿಯೇ ಗಾಬರಿಯಾಯಿತು. ಗಾಬರಿಯಾಗಬೇಡ ಎಂದು ಶುರುಮಾಡಿದರೆ ಯಾರಿಗೆ ಆಗುವುದಿಲ್ಲ? ನಿಮ್ಮಪ್ಪ ಹೊರಗಿನಿಂದ ಬಂದು ಏನಾಯಿತು ಎಂದು ಕೇಳಿದರು. ನಿಮ್ಮ ಮಗಳು ನಮ್ಮೂರನ್ನು ಅಳಿಸಿಹಾಕುತ್ತಿದ್ದಾಳೆ ಎಂದೆ. ಅವರು ಸುಮ್ಮನೆ ಕೈಕಾಲು ತೊಳೆಯಲು ಹೋದರು. ಅವರ ಸ್ವಭಾವ ನಿನಗೆ ಗೊತ್ತೇ ಇದೆ.

ಆಕ್ಷೇಪಣೆಗೆ ತಿಂಗಳ ಕೊನೆಯವರೆಗೆ ಕಾಯುವ ಕೆಲಸ ಇಲ್ಲ. ಇವತ್ತು ಬೆಳಿಗ್ಗೆಯೇ ನಿರ್ಣಯ ಮಾಡಿ ಮುಗಿಸಿದೆವು. ಎಂದಿನಂತೆ ಮೊದಲ ಬಸ್ಸಿನ ಹಿಂದಿನ ಸೀಟುಗಳಲ್ಲಿ ಸಭೆ ಸೇರಿತು. ನಿಮ್ಮ ಕಚೇರಿಯವರಿಗೆ ಇದನ್ನು ವಿವರಿಸಿ ಹೇಳು, ಪಾಪ, ತಣ್ಣಗಿನ ಕೋಣೆಯಲ್ಲಿ ಸಭೆ ಮಾಡಿ ಅಭ್ಯಾಸವಾದವರು. ನಮ್ಮ ಸದಸ್ಯರಲ್ಲಿ ಒಬ್ಬರು ದರ್ಜಿ, ಒಬ್ಬ ಪೇಂಟರ್, ಒಬ್ಬರು ಶಾಲೆಯಲ್ಲಿ ಅಡುಗೆ ಮಾಡುವವರು. ಉಳಿದವರೂ ನನ್ನಂತೆ ನಗರದಲ್ಲಿ ದುಡಿದು ಸಂಜೆ ಹೆಣದ ಹಾಗೆ ಬಂದು ಬೀಳುವವರೇ. ಎಲ್ಲರೂ ಎಚ್ಚರವಾಗಿದ್ದು, ಎಲ್ಲೂ ಎದ್ದುಹೋಗಲಾಗದೆ ಒಂದೇ ಕಡೆ ಕೂತಿರುವುದು ಆ ಬಸ್ಸಿನಲ್ಲಿ ಮಾತ್ರ. ಜಗಳ ಹೆಚ್ಚಾದರೆ ಕಂಡಕ್ಟರ್ ಸಿಳ್ಳೆ ಊದುತ್ತಾನೆ. ಭಾನುವಾರ ಗುಮಾಸ್ತರು ಪುರಸಭೆಯ ಕೋಣೆ ತೆಗೆದಾಗ ಹೋಗಿ ಸಹಿ ಹಾಕುತ್ತೇವೆ. ಬೀದಿದೀಪ ಬಂದದ್ದು ಹೀಗೆ, ಚರಂಡಿ ಆದದ್ದು ಹೀಗೆ.

ಇವತ್ತೂ ಸೇತುವೆ ದಾಟಿದ ಮೇಲೆ ಎಲ್ಲರೂ ಕೈ ಎತ್ತಿದೆವು. ಒಂದು ಕೈಯೂ ಕೆಳಗಿರಲಿಲ್ಲ. ನಮ್ಮ ಕಡೆಯವನಲ್ಲದ ಯಾರೋ ಪ್ರಯಾಣಿಕನೂ ಎತ್ತಿದ್ದ.

ನನಗೆ ಊರಿನ ಪ್ರತಿ ಮುಖವೂ ಗೊತ್ತು ಮಗಳೇ. ನಿನ್ನ ವಾರ್ಡಿನಲ್ಲಿ ಯಾರಿಗೆ ಯಾರು ಗೊತ್ತಿರುತ್ತಾರೆ? ಚರಂಡಿ ಕಟ್ಟಿಕೊಂಡರೆ ಈಗ ನನ್ನ ಸೀಟಿನ ಹತ್ತಿರ ಬಂದು ಬೈಯುತ್ತಾರೆ. ಆಮೇಲೆ ಯಾರನ್ನು ಬೈಯಬೇಕು ಎಂಬುದನ್ನು ತಿಳಿಯಲಿಕ್ಕೇ ಎರಡು ಬಸ್ಸು ಬದಲಾಯಿಸಬೇಕು. ಈ ಪುರಸಭೆಯನ್ನು ನಾನು ಎರಡನೇ ಮಗಳಂತೆ ಸಾಕಿದ್ದೇನೆ. ಮೊದಲನೆಯವಳು ಅದನ್ನು ಮುಗಿಸಲು ಹೊರಟಿದ್ದಾಳೆಂದರೆ ನನಗೆ ಹೇಗಾಗಬೇಡ?

ನಿಮ್ಮಪ್ಪನ ಸೊಂಟ ಹಾಗೇ ಇದೆ. ತೋರಿಸಿಕೊಳ್ಳಿ ಎಂದರೆ ನಾಳೆ ಎನ್ನುತ್ತಾರೆ. ಲಿಫ್ಟ್ ರಿಪೇರಿಯ ಕೆಲಸ ಬಿಟ್ಟ ಮೇಲೆ ಹಗಲೆಲ್ಲ ಮನೆಯಲ್ಲೇ ಇರುವವರಿಗೆ ಅದೇನು ಪುರುಸೊತ್ತಿಲ್ಲವೋ ಕಾಣೆ.

ಅಧ್ಯಕ್ಷೆ (ಮತ್ತು ಅಮ್ಮ)


ಜುಲೈ 2

ಅಮ್ಮಾ,

ಆಕ್ಷೇಪಣೆ ಬಂದು ಸೇರಿದೆ. ನಮಗೆ ಬಂದ ಆಕ್ಷೇಪಣೆಗಳಲ್ಲೆಲ್ಲ ಓದಲು ಚೆನ್ನಾಗಿರುವುದು ನಿಮ್ಮದೇ. ಚರಂಡಿಯ ಬಗ್ಗೆ ಬರೆದ ಭಾಗವನ್ನು ಮೇಲಧಿಕಾರಿ ಎರಡು ಸಲ ಓದಿಸಿದರು.

ವಿಚಾರಣೆ ಈ ತಿಂಗಳ ಮೂರನೇ ವಾರ, ನಮ್ಮ ಕಚೇರಿಯ ದೊಡ್ಡ ಸಭಾಂಗಣದಲ್ಲಿ. ನಾನು ಮೇಜಿನ ತುದಿಯಲ್ಲಿ ಕೂತು ಕಾಗದಗಳನ್ನು ಒಂದೊಂದಾಗಿ ಕೊಡುತ್ತಿರುತ್ತೇನೆ. ದಯವಿಟ್ಟು ನನ್ನ ಕಡೆ ನೋಡಬೇಡ. ನೀನು ನೋಡಿದರೆ ನನಗೆ ನಗು ಬರುತ್ತದೆ, ಇಲ್ಲವೇ ಅಳು ಬರುತ್ತದೆ. ಎರಡೂ ಕಡತಕ್ಕೆ ಒಳ್ಳೆಯದಲ್ಲ. ಅವತ್ತು ಆ ನೀಲಿ ಸೀರೆ ಉಟ್ಟುಕೋ. ಮಧ್ಯಾಹ್ನ ಊಟ ಮಾಡದೆ ಕೂರಬೇಡ, ಕೆಳಗಡೆ ಕ್ಯಾಂಟೀನ್ ಇದೆ.

ಅಪ್ಪನಿಗೆ ಮೊನ್ನೆ ಹಗಲು ಫೋನ್ ಮಾಡಿದ್ದೆ. ಅವರು ಪ್ರತಿನಿಧಿಯಲ್ಲವಲ್ಲ. ಎರಡು ಮಾತು ಆಡುವಷ್ಟರಲ್ಲಿ ಯಾರೋ ಬಾಗಿಲಲ್ಲಿ ಕರೆದರು, ಇಟ್ಟುಬಿಟ್ಟರು. ಯಾವಾಗ ಮಾಡಿದರೂ ಹೀಗೇ ಆಗುತ್ತದೆ.

ನಿನ್ನ ಮಗಳು


ಜುಲೈ 27

ಮಗಳಿಗೆ,

ನೀಲಿ ಸೀರೆ ಉಟ್ಟು ಬಂದಿದ್ದೆ, ಕೊನೆಯವರೆಗೆ ನಿನ್ನ ಕಡೆ ನೋಡಲೂ ಇಲ್ಲ. ಆದರೂ ಮಾನ ಹೋಯಿತು. ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ, ನಿನಗೆ ಕಂಡದ್ದು ಬೇರೆ, ನನಗಾದದ್ದು ಬೇರೆ.

ನಿಮ್ಮ ಮೇಲಧಿಕಾರಿ ಒಳ್ಳೆಯ ಮನುಷ್ಯನ ಹಾಗೆಯೇ ಮಾತಾಡಿಸಿದರು. ಚರಂಡಿ, ದೀಪ, ಎಲ್ಲ ಕೇಳಿದರು. ಕೊನೆಗೆ ಪಕ್ಕದಲ್ಲಿದ್ದ ಕಾನೂನು ಸಲಹೆಗಾರ ನಿರ್ಣಯದ ಹಾಳೆ ತಿರುವುತ್ತಾ, ಸಭೆ ನಡೆದ ಸ್ಥಳ ಬರೆದಿಲ್ಲವಲ್ಲ, ಎಲ್ಲಿ ನಡೆಯಿತು ಎಂದ. ಬಸ್ಸಿನಲ್ಲಿ ಎಂದೆ. ಸುಳ್ಳು ಹೇಳುವಂಥದ್ದು ಅದರಲ್ಲಿ ಏನಿತ್ತು? ಕೈ ಎತ್ತುವಾಗ ಬಸ್ಸು ಎಲ್ಲಿತ್ತು ಎಂದ. ಸೇತುವೆ ದಾಟಿತ್ತು ಎಂದೆ. ಯಾವಾಗಲೂ ದಾಟಿದ ಮೇಲೆಯೇ ಎತ್ತುತ್ತೀರಾ ಎಂದ. ಹೌದು, ಸೇತುವೆಯವರೆಗೆ ರಸ್ತೆ ಪೂರಾ ಗುಂಡಿ, ಕೈ ಬಿಟ್ಟರೆ ಬೀಳುತ್ತೇವೆ, ಒಮ್ಮೆ ಪೇಂಟರ್ ಹಾಗೆ ಬಿದ್ದು ಅಡುಗೆಯವರ ಬುತ್ತಿಯೆಲ್ಲ ಚೆಲ್ಲಿತ್ತು ಎಂದೆ.

ಆಗ ಅವನು ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದ. ನಮ್ಮ ಊರಿನ ಗಡಿ ಸೇತುವೆಯ ಈ ಕಡೆಗೇ ಮುಗಿಯುತ್ತದೆ. ದಾಟಿದರೆ ನಗರ. ಪುರಸಭೆ ತನ್ನ ಗಡಿಯೊಳಗೆ ಮಾಡದ ನಿರ್ಣಯ ನಿರ್ಣಯವೇ ಅಲ್ಲವಂತೆ. ನಗರಕ್ಕೆ ಸೇರುವುದಿಲ್ಲ ಎಂದು ನಾವು ನಗರದೊಳಗೆ ಹೋಗಿ ಕೂತು ತೀರ್ಮಾನಿಸಿದ್ದೆವು. ಅದೂ ನಮ್ಮ ರಸ್ತೆಯನ್ನು ನಾವೇ ಸರಿಮಾಡಿಕೊಳ್ಳದ ಕಾರಣಕ್ಕೆ.

ಸಭಾಂಗಣವೆಲ್ಲ ನಕ್ಕಿತು. ದರ್ಜಿ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತರು. ಆಗ ಮಾತ್ರ ತಡೆಯಲಾಗದೆ ಒಂದೇ ಒಂದು ಸಲ ನಿನ್ನ ಕಡೆ ನೋಡಿದೆ. ನೀನು ಬಾಯಿಗೆ ಕಾಗದ ಅಡ್ಡ ಹಿಡಿದಿದ್ದೆ.

ಬೇರೆಯವರು ನಕ್ಕರೆ ನಗಲಿ. ನೀನೂ ನಕ್ಕೆ.

ಅಧ್ಯಕ್ಷೆ


ಆಗಸ್ಟ್ 5

ಅಮ್ಮಾ,

ನಾನು ನಗಲಿಲ್ಲ. ತುಟಿ ಕಚ್ಚಿಕೊಂಡಿದ್ದೆ, ಅದನ್ನು ಯಾರೂ ನೋಡಬಾರದೆಂದು ಕಾಗದ ಹಿಡಿದಿದ್ದೆ. ನೀನು ನಂಬದಿದ್ದರೂ ಇದು ನಿಜ. ಅವತ್ತು ನೀನು ಸೆರಗು ಹೊದ್ದು, ಯಾರಿಗೂ ಹೆದರದೆ ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೋ.

ಈಗ ಕಚೇರಿಯ ಮಾತು. ನಿರ್ಣಯ ಬಿದ್ದುಹೋಯಿತು, ಆದರೆ ದಾರಿ ಮುಚ್ಚಿಲ್ಲ. ಪುರಸಭೆಯ ಅಭಿಪ್ರಾಯ ಕ್ರಮದಂತೆ ಸಿಗದಿದ್ದರೆ ಊರಿನ ಎಲ್ಲ ಮತದಾರರನ್ನೂ ಸೇರಿಸಿ ನೇರವಾಗಿ ಕೇಳಬಹುದು ಎಂದು ನಿಯಮವಿದೆ. ಯಾರೂ ಬಳಸದೆ ಮೂಲೆಯಲ್ಲಿ ಬಿದ್ದಿದ್ದ ನಿಯಮ. ಅದನ್ನು ಹುಡುಕಿ ಕಡತದಲ್ಲಿ ಬರೆದವಳು ನಾನು. ಮೇಲಧಿಕಾರಿ ಒಪ್ಪಿ ಸಹಿ ಹಾಕಿದ್ದಾರೆ. ಆ ದಿನ ಊರು ಏನು ಹೇಳುತ್ತದೋ ಅದೇ ಕೊನೆ. ಬೇಡವೆಂದರೆ ನಮ್ಮೂರನ್ನು ನಕ್ಷೆಯಿಂದ ಬಿಡುತ್ತಾರೆ.

ಸಭೆ ಊರಿನ ಗಡಿಯೊಳಗೆ, ಕೆಲಸದ ದಿನ, ಕಚೇರಿಯ ವೇಳೆಯಲ್ಲಿ, ನಮ್ಮ ಕಚೇರಿಯ ಒಬ್ಬರ ಎದುರಿನಲ್ಲಿ ಆಗಬೇಕು. ಆ ಒಬ್ಬರು ನಾನಾಗಿರುವುದಿಲ್ಲ. ದಿನ ಅಕ್ಟೋಬರ್ 16. ಎಲ್ಲರೂ ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ. ಬಸ್ಸಿನ ಜನ ನಿನ್ನ ಮಾತು ಮೀರುವುದಿಲ್ಲ. ನೀವು ಗೆಲ್ಲುತ್ತೀರಿ ಅಮ್ಮಾ. ಗೆದ್ದರೆ ನನಗೆ ಬೇಸರವಾಗುತ್ತದೆ. ಆದರೂ ಸರಿಯಾಗಿ ಗೆಲ್ಲಲಿ ಎಂದು ಬರೆದೆ.

ನಿನ್ನ ಮಗಳು


ಸೆಪ್ಟೆಂಬರ್ 9

ಕೂಸೇ,

ನಿಮ್ಮಮ್ಮ ಉತ್ತರ ಬರೆಯಲಿಲ್ಲವೆಂದು ಕೊರಗುತ್ತಿರುತ್ತೀಯ. ಮುನಿಸು ಅರ್ಧ ಇಳಿದಿದೆ. ಇನ್ನರ್ಧಕ್ಕೆ ಅವಳಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಪ್ರಚಾರ, ಸಂಜೆ ಬಸ್ಸಿನಲ್ಲಿ ಪ್ರಚಾರ. ಕಂಡಕ್ಟರ್ ಈಗ ಟಿಕೆಟ್ ಕೊಡುವಾಗ, ಬೇಡ ಅಂತಾನೇ ತಾನೆ, ಎಂದು ಕೇಳಿಯೇ ಚಿಲ್ಲರೆ ಕೊಡುತ್ತಾನಂತೆ.

ನಿನ್ನ ಹತ್ತಿರ ಒಂದು ವಿಷಯ ಕೇಳಬೇಕಿತ್ತು. ಫೋನಿನಲ್ಲಿ ಆಗುವುದಿಲ್ಲ, ಬಾಗಿಲಿಗೆ ಯಾರಾದರೂ ಬಂದುಬಿಡುತ್ತಾರೆ. ಮೊದಮೊದಲು ಒಬ್ಬರೋ ಇಬ್ಬರೋ ಬರುತ್ತಿದ್ದರು. ಹಗಲು ಊರಲ್ಲಿ ಕೈಕಾಲು ಗಟ್ಟಿಯಿರುವವರು ಯಾರೂ ಇರುವುದಿಲ್ಲವಲ್ಲ, ನಾನು ಇದ್ದೆ. ಯಾರದೋ ಮಗುವಿಗೆ ಜ್ವರ, ಯಾರದೋ ಮನೆಯ ಫ್ಯೂಸ್ ಹೋಗಿದೆ. ನೀರು ಬಿಡುವವನಿಗೆ ನಗರದಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಅವನೂ ಬಸ್ಸು ಹತ್ತಿದ. ಹೋಗುವಾಗ ವಾಲ್ವಿನ ಕೀಲಿ ನನ್ನ ಕೈಗೆ ಕೊಟ್ಟು, ಲಿಫ್ಟಣ್ಣ, ಒಂದು ವಾರ ನೋಡಿಕೊಳ್ಳಿ ಎಂದ. ಆ ವಾರ ಇನ್ನೂ ಮುಗಿದಿಲ್ಲ. ನೀರು ಬರುವುದು ನಡು ಮಧ್ಯಾಹ್ನ. ಆ ಕೀಲಿ ತಿರುಗಿಸುವಾಗ ಸೊಂಟದಲ್ಲಿ ಏನಾಗುತ್ತದೆ ಎಂದು ನಿನಗೆ ಬರೆದು ಪ್ರಯೋಜನವಿಲ್ಲ.

ಕೇಳಬೇಕಾದದ್ದು ಇಷ್ಟೆ. ವಾರ್ಡ್ ಆದರೆ ಅದಕ್ಕೊಂದು ಕಚೇರಿ ಎಂದು ಇರುತ್ತದೆಯೇ? ಅದರಲ್ಲಿ ಹಗಲು ಯಾರಾದರೂ ಕೂತಿರುತ್ತಾರೆಯೇ? ಅದು ಅವರ ಕೆಲಸ ಎಂದೇ ಕೂತಿರುತ್ತಾರೆಯೇ?

ನಿಮ್ಮಮ್ಮನಿಗೆ ನಾನೇ ಹೇಳಬೇಕು. ಹೇಳುತ್ತೇನೆ. ಮಾತು ಜೋಡಿಸಿಕೊಳ್ಳುತ್ತಿದ್ದೇನೆ.

ಅಪ್ಪ


ಸೆಪ್ಟೆಂಬರ್ 15

ಅಪ್ಪಾ,

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿದೆ, ಆಮೇಲೆ ಊಟ ಸೇರಲಿಲ್ಲ. ನಾನು ಅಷ್ಟು ಸಲ ಫೋನ್ ಮಾಡಿದ್ದೇನೆ, ಬಾಗಿಲಲ್ಲಿ ಯಾರು ಎಂದು ಒಮ್ಮೆಯೂ ಕೇಳಲಿಲ್ಲ.

ಯೋಜನೆಯ ಪ್ರಕಾರ ಪ್ರತಿ ವಾರ್ಡಿಗೂ ಒಂದು ಕಚೇರಿ ಇದೆ. ಅದರಲ್ಲಿ ಹಗಲೆಲ್ಲ ಇರುವ ಒಬ್ಬರು ಸಹಾಯಕರು, ಒಬ್ಬ ಆರೋಗ್ಯ ಕಾರ್ಯಕರ್ತೆ, ನೀರು ಬಿಡುವುದಕ್ಕೆ ಸಂಬಳದ ಮನುಷ್ಯ. ಇದೆಲ್ಲ ಕಾಗದದ ಮೇಲೆ ಇದೆ. ಕಾಗದದ ಮೇಲೆ ಇರುವುದು ಊರಿಗೆ ಯಾವಾಗ ಬರುತ್ತದೆ ಎಂದು ನನ್ನಿಂದ ಹೇಳಲಾಗುವುದಿಲ್ಲ. ಬಂದೇ ಬರುತ್ತದೆ ಎಂದು ಬರೆದರೆ ನಿಮಗೆ ಸುಳ್ಳು ಹೇಳಿದಂತೆ. ಇದನ್ನು ತಿಳಿದೇ ನೀವು ನಿಮಗೆ ತೋಚಿದ್ದನ್ನು ಮಾಡಬೇಕು.

ಅಮ್ಮನಿಗೆ ಬೇಗ ಹೇಳಿ ಅಪ್ಪಾ. ಕೀಲಿ ಬೇರೆ ಯಾರಿಗಾದರೂ ಕೊಡಿ.

ನಿಮ್ಮ ಕೂಸು


ಅಕ್ಟೋಬರ್ 18

ಮಗಳೇ,

ಫಲಿತಾಂಶ ನಿನಗೆ ಅವತ್ತೇ ತಿಳಿದಿರುತ್ತದೆ. ನಡೆದದ್ದನ್ನು ನಾನೇ ಬರೆಯಬೇಕೆಂದು ಕೂತಿದ್ದೇನೆ. ನಿನ್ನೆ ಬರೆಯಲು ಹೋದೆ, ಆಗಲಿಲ್ಲ.

ಬೆಳಿಗ್ಗೆ ಬಸ್ಸು ಹೊರಡಲೇ ಇಲ್ಲ. ಡ್ರೈವರ್, ಕಂಡಕ್ಟರ್ ಇಬ್ಬರೂ ನಮ್ಮೂರವರೇ, ಅವರೂ ರಜೆ. ಸಭೆ ಮಧ್ಯಾಹ್ನ ಮೂರಕ್ಕೆ ಇತ್ತು. ಅಲ್ಲಿಯವರೆಗೆ ಏನು ಮಾಡಬೇಕೆಂದು ತೋಚದೆ ನಾನು ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಭಾನುವಾರ ನೀನು ಊರನ್ನು ನೋಡುವುದಿಲ್ಲವೇ ಎನ್ನಬಹುದು. ಭಾನುವಾರ ಎಲ್ಲರ ಮಕ್ಕಳೂ ಮನೆಯಲ್ಲಿರುತ್ತಾರೆ, ನೀರೂ ಬರುವುದಿಲ್ಲ, ನಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ. ಅವತ್ತು ಕೆಲಸದ ದಿನವಾದ್ದರಿಂದ ಅಭ್ಯಾಸಬಲದಿಂದ ಬರತೊಡಗಿದರು. ಒಬ್ಬ ಮುದುಕ ಮಾತ್ರೆಯ ಚೀಟಿ ಓದಿಸಿಕೊಳ್ಳಲು ಬಂದ. ನಾನು ಕೂತಿರುವುದನ್ನು ಕಂಡು ದಾರಿ ತಪ್ಪಿದವನಂತೆ ನಿಂತು, ಲಿಫ್ಟಣ್ಣ ಇಲ್ವಾ ಎಂದ. ನಾನು ಓದಿ ಹೇಳುತ್ತೇನೆ ಎಂದರೂ ಕೊಡಲಿಲ್ಲ. ಆಮೇಲೆ ಇಬ್ಬರು ಹೆಂಗಸರು, ಆಮೇಲೆ ಇನ್ಯಾರೋ. ನಿಮ್ಮಪ್ಪ ಯಾರ ಜೊತೆಯೂ ಹೆಚ್ಚು ಮಾತಾಡದೆ ಒಂದೊಂದನ್ನೇ ಮುಗಿಸುತ್ತಿದ್ದರು. ನೀರಿನ ಹೊತ್ತಿಗೆ ಉದ್ದದ ಕಬ್ಬಿಣದ ಕೀಲಿ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಬೀದಿಯ ತಿರುವಿನಲ್ಲಿ ಮಂಡಿಯೂರಿ, ಕೀಲಿ ತಿರುಗಿಸಿ, ಎದ್ದೇಳಲು ಆಗದೆ ಗೋಡೆ ಹಿಡಿದರು. ಅಲ್ಲಿ ಕೊಡ ಹಿಡಿದು ನಿಂತಿದ್ದವರು ಅವರನ್ನು ಎಬ್ಬಿಸಿದ ರೀತಿ ನೋಡಿದರೆ ಅದು ದಿನದ ಕೆಲಸವೆಂದು ತಿಳಿಯುತ್ತಿತ್ತು. ನನ್ನ ಕೈ ಮುಂದೆ ಹೋಗುವುದರೊಳಗೆ ಅವರ ಕೈಗಳು ಹೋಗಿದ್ದವು.

ಮೂರಕ್ಕೆ ಶಾಲೆಯ ಅಂಗಳ ತುಂಬಿತು. ನಿಮ್ಮ ಕಚೇರಿಯಿಂದ ಬಂದವರು ನೆರಳಿಗೆ ಮೇಜು ಹಾಕಿಕೊಂಡು ಕೂತರು. ನಾನು ಮಾತಾಡಿದೆ. ತಿಂಗಳುಗಟ್ಟಲೆ ಬಸ್ಸಿನಲ್ಲಿ ಆಡಿ ಆಡಿ ನಯವಾಗಿದ್ದ ಮಾತು, ಚೆನ್ನಾಗಿಯೇ ಬಂತು. ನಮ್ಮೂರನ್ನು ನಾವೇ ನೋಡಿಕೊಳ್ಳುತ್ತಿದ್ದೇವೆ ಎನ್ನುವಾಗ ಮಾತ್ರ ನಾಲಿಗೆ ಒಂದು ಕ್ಷಣ ತಡೆಯಿತು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಗೋಡೆಯ ಪಕ್ಕ ಕೂತಿದ್ದವರು ತಟ್ಟಲಿಲ್ಲ. ಅವರಲ್ಲಿ ಎಷ್ಟೋ ಮುಖಗಳ ಪರಿಚಯ ನನಗಿರಲಿಲ್ಲ.

ಬೇರೆ ಯಾರಾದರೂ ಮಾತಾಡುತ್ತೀರಾ ಎಂದು ಅಧಿಕಾರಿ ಕೇಳಿದಾಗ ನಿಮ್ಮಪ್ಪ ಎದ್ದು ನಿಂತರು. ಮದುವೆಯಾದಾಗಿನಿಂದ ಅವರು ನಾಲ್ಕು ಜನರ ಎದುರಿಗೆ ಬಾಯಿ ಬಿಟ್ಟದ್ದು ನಾನು ನೋಡಿಲ್ಲ. ನನ್ನ ಕಡೆ ತಿರುಗಿಯೇ ಹೇಳಿದರು.

"ನಮ್ಮ ಪುರಸಭೆ ಒಳ್ಳೇದೇ. ಬೆಳಿಗ್ಗೆ ಬಸ್ಸಲ್ಲಿ ಹೋಗುತ್ತೆ, ಸಂಜೆ ಬಸ್ಸಲ್ಲಿ ಬರುತ್ತೆ. ಮಧ್ಯದಲ್ಲಿ ಇಲ್ಲೂ ಜನ ಇರ್ತಾರೆ. ಅವರಿಗೆ ಯಾರಾದ್ರೂ ಬೇಕಾಗುತ್ತೆ. ಇಷ್ಟು ದಿನ ನಾನಿದ್ದೆ. ಇನ್ನು ನನ್ನ ಕೈಲಿ ಆಗಲ್ಲ."

ಕೂತುಕೊಂಡರು. ಸೇರಬೇಕು ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎತ್ತಿದವರು ಅವರೇ. ಆಮೇಲೆ ಗೋಡೆಯ ಪಕ್ಕದವರು. ಆಮೇಲೆ, ಸ್ವಲ್ಪ ತಡವಾಗಿ, ಅಡುಗೆಯವರು. ಅವರ ತಾಯಿಯೂ ಗೋಡೆಯ ಪಕ್ಕ ಕೂತಿದ್ದರು. ದರ್ಜಿಯೂ ಎತ್ತಿದರು. ನಾನು ಬೇಡವೆಂದೇ ಎತ್ತಿದೆ. ನನಗೆ ಈಗಲೂ ಬೇಡವೆಂದೇ ಅನ್ನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೋತೆವು ಎಂದು ಅಧಿಕಾರಿ ಓದಿದಾಗ ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ಗೋಡೆಯವರೆಗೆ ಹೋಗಿ ಒಬ್ಬೊಬ್ಬರ ಹೆಸರು ಕೇಳಬೇಕೆನ್ನಿಸಿತು. ನಾಚಿಕೆಯಾಗಿ ಹೋಗಲಿಲ್ಲ.

ಮನೆಗೆ ಬಂದು, ನನಗೆ ಮೊದಲೇ ಹೇಳಬಹುದಿತ್ತಲ್ಲ ಎಂದೆ.

"ಹೇಳೋಣ ಅಂತ ಬಂದಾಗೆಲ್ಲ ನೀನು ಬಸ್ಸಿನ ಕತೆ ಶುರುಮಾಡಿರ್ತಿದ್ದೆ" ಎಂದರು. "ಚೆನ್ನಾಗಿರ್ತಿತ್ತು. ಕೇಳ್ತಾ ಕೂತೆ."

ಆಮೇಲೆ ಅಳು ತಡೆಯಲು ಆಗಲಿಲ್ಲ. ಪುರಸಭೆಗೋ ಅವರಿಗೋ ಗೊತ್ತಿಲ್ಲ. ಸೊಂಟಕ್ಕೆ ಎಣ್ಣೆ ತಿಕ್ಕಿದೆ.

ಅಮ್ಮ


ನವೆಂಬರ್ 25

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಉತ್ತರ ಬರೆಯಲು ಕೂತು ಎದ್ದಿದ್ದೇನೆ. ನಾನು ಬಯಸಿದ್ದೇ ಆಗಿದೆ, ನನಗೆ ಸಂತೋಷವಿಲ್ಲ. ನೀನು ಸೋತದ್ದಕ್ಕೆ ಮಾತ್ರ ಅಲ್ಲ.

ಆದೇಶ ಹೊರಟಿದೆ. ಹೊಸ ವರ್ಷದ ಮೊದಲ ದಿನದಿಂದ ಊರು ನಗರದ ಕೊನೆಯ ವಾರ್ಡ್. ಪುರಸಭೆಯ ಕೋಣೆಯೇ ವಾರ್ಡ್ ಕಚೇರಿ. ಸೇತುವೆಯವರೆಗಿನ ರಸ್ತೆಗೆ ಈ ಸಲವೇ ಡಾಂಬರು ಹಾಕುತ್ತಾರೆ, ಅದಕ್ಕೆ ಹಣ ಬಿಡುಗಡೆಯಾಗಿದೆ. ಆರೋಗ್ಯ ಕಾರ್ಯಕರ್ತೆ ವಾರಕ್ಕೆ ಎರಡು ದಿನ ಬರುತ್ತಾರೆ. ನೀರು ಬಿಡುವವರ ನೇಮಕವೂ ಆಯಿತು. ಆದರೆ ಕಚೇರಿಯಲ್ಲಿ ಹಗಲು ಕೂರಬೇಕಾದ ಸಹಾಯಕರ ಹುದ್ದೆಯನ್ನು ಮುಂದಿನ ವರ್ಷ ನೋಡೋಣ ಎಂದು ತಡೆಹಿಡಿದಿದ್ದಾರೆ. ಹೊಳೆಯಾಚೆಯ ಎಲ್ಲ ವಾರ್ಡುಗಳಿಗೂ ಹೀಗೇ ಆಗಿದೆ. ಅಪ್ಪ ಕೇಳಿದ್ದು ಅದೊಂದನ್ನೇ.

ಮೇಲಧಿಕಾರಿಯ ಹತ್ತಿರ ಎರಡು ಸಲ ಹೋಗಿ ಕೂಗಾಡಿದೆ. ನನಗೆ ಕೂಗಾಡುವುದು ಬರುತ್ತದೆಂದು ಅವತ್ತೇ ತಿಳಿಯಿತು. ಅವರು, ನಿಮ್ಮ ಅಮ್ಮನ ಹಾಗೇ ಮಾತಾಡುತ್ತೀರಿ ಎಂದರು. ಹುದ್ದೆ ಸಿಗಲಿಲ್ಲ.

ಅಪ್ಪನಿಗೆ ಹೇಗೆ ಹೇಳಲಿ ಅಮ್ಮಾ? ನೀನು ಹೇಳುತ್ತೀಯಾ?

ನಿನ್ನ ಮಗಳು


ಜನವರಿ 20

ಮಗಳೇ,

ನಿಮ್ಮಪ್ಪನಿಗೆ ಹೇಳಿದೆ. ಕೂಸು ಮೊದಲೇ ಬರೆದಿತ್ತು, ಕಾಗದದ ಮೇಲೆ ಮಾತ್ರ ಇದೆ ಅಂತ, ಎಂದರು. ನಿನ್ನ ಮೇಲೆ ಬೇಸರವಿಲ್ಲ ಅವರಿಗೆ. ಸುಳ್ಳು ಹೇಳದೆ ಹೋದೆಯಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ.

ಆಸ್ಪತ್ರೆಯಲ್ಲಿ ಕೇಳಿಕೊಂಡು ನಾನು ಸಂಜೆಯ ಪಾಳಿಗೆ ಹಾಕಿಸಿಕೊಂಡಿದ್ದೇನೆ. ಈಗ ಬೆಳಗಿನ ಬಸ್ಸಿಗೆ ನಿಮ್ಮಪ್ಪ ಹೋಗುತ್ತಾರೆ, ವಾರದಲ್ಲಿ ಮೂರು ದಿನ, ಸೊಂಟದ ವ್ಯಾಯಾಮಕ್ಕೆ. ಕಡೆಗೂ ತೋರಿಸಿಕೊಂಡರು. ಹಳೆಯ ಸದಸ್ಯರು ಹಿಂದಿನ ಸೀಟಿನಲ್ಲಿ ಅವರಿಗೆ ಜಾಗ ಹಿಡಿದಿರುತ್ತಾರಂತೆ. ಪುರಸಭೆ ಮುಳುಗಿಸಿದವರು ಬಂದರು ಎಂದು ಪೇಂಟರ್ ದಿನಾ ಛೇಡಿಸುತ್ತಾನಂತೆ. ರಸ್ತೆ ನಯವಾಗಿದೆ, ಈಗ ಎಲ್ಲಿ ಬೇಕಾದರೂ ಕೈ ಎತ್ತಬಹುದು, ಎತ್ತುವುದಕ್ಕೆ ಏನೂ ಇಲ್ಲ ಎಂದು ದರ್ಜಿ ಕೊರಗುತ್ತಾರಂತೆ. ನನಗೂ ಒಮ್ಮೊಮ್ಮೆ ಆ ಸೀಟಿನ ನೆನಪಾಗುತ್ತದೆ. ಆಗದೆ ಇರುತ್ತದೆಯೇ?

ಹಗಲು ನಾನು ಹೋಗಿ ವಾರ್ಡ್ ಕಚೇರಿಯ ಬಾಗಿಲು ತೆಗೆದು ಕೂರುತ್ತೇನೆ. ಹಳೆಯ ಗುಮಾಸ್ತರೇ ಕೀಲಿ ಕೊಟ್ಟಿದ್ದಾರೆ. ಯಾವ ಅಧಿಕಾರದಲ್ಲಿ ಎಂದು ನಿಮ್ಮ ಕಾನೂನು ಸಲಹೆಗಾರ ಕೇಳಿದರೆ, ಗಡಿಯೊಳಗೇ ಕೂತಿದ್ದೇನೆ ಎಂದು ಹೇಳು. ಮೊದಲ ವಾರ ಒಬ್ಬರೂ ಒಳಗೆ ಬರಲಿಲ್ಲ. ಲಿಫ್ಟಣ್ಣನ ಮನೆಗೇ ಹೋಗಿ, ಅವರಿಲ್ಲದ ದಿನ ಬೀಗ ನೋಡಿ ವಾಪಸಾಗುತ್ತಿದ್ದರು. ಇಷ್ಟು ವರ್ಷ ಅಧ್ಯಕ್ಷೆಯಾಗಿದ್ದವಳು ಖಾಲಿ ಕೋಣೆಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ.

ಇವತ್ತು ಒಬ್ಬ ಹೆಂಗಸು ಬಂದು ಮೆಟ್ಟಿಲ ಮೇಲೆ ಕೂತರು. ಚರಂಡಿಯ ಆಚೆಯ ಬೀದಿಯವರು. ಏನಾಗಬೇಕಿತ್ತು ಎಂದು ಕೇಳಿದೆ.

"ಅಣ್ಣ ಬರ್ಲಿ. ಕಾಯ್ತೀನಿ" ಎಂದರು.

ಅವರು ಬರುವುದು ಸಂಜೆ ಎಂದರೂ ಏಳಲಿಲ್ಲ. ನಾನು ಇದ್ದೇನಲ್ಲ ಎಂದು ಹೇಳಲು ಬಾಯಿ ತೆರೆದೆ. ನಾನು ಇದ್ದದ್ದನ್ನು ಆಕೆ ಎಂದೂ ಕಂಡಿಲ್ಲವಲ್ಲ ಎನ್ನಿಸಿತು. ಕುರ್ಚಿ ಬಿಟ್ಟು ಹೊರಗೆ ಬಂದು ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತೆ. ಇಬ್ಬರೂ ಬೀದಿ ನೋಡುತ್ತಾ ಕೂತೆವು. ಬಿಸಿಲು ಕಾಲ ಮೇಲೆ ಬಂತು, ಸ್ವಲ್ಪ ಸರಿದು ಕೂತೆವು. ಎಷ್ಟೋ ಹೊತ್ತಿನ ಮೇಲೆ, ನನಗೆ ಹೇಳುವಂತಲ್ಲದೆ ಬೀದಿಗೆ ಹೇಳುವಂತೆ ಆಕೆಯೇ ಶುರುಮಾಡಿದರು.

ಗಂಡನಿಗೆ ಉಬ್ಬಸವಂತೆ. ಕಳೆದ ವಾರ ನಡುಹಗಲಲ್ಲಿ ಉಸಿರು ಸಿಕ್ಕಿಕೊಂಡಾಗ ಆಂಬುಲೆನ್ಸಿಗೆ ಫೋನ್ ಮಾಡಿದರಂತೆ. ಯಾವ ಬೀದಿ ಎಂದು ಕೇಳಿದರು. ಆ ಬೀದಿಗೆ ಹೆಸರೇ ಇಲ್ಲ. ಈಕೆ ಚರಂಡಿ ಆಚೆ ಎಂದರು, ಆ ಕಡೆಯಿಂದ ಯಾವ ಚರಂಡಿ ಎಂದು ಕೇಳಿದರು. ಲಿಫ್ಟಣ್ಣನ ಮನೆ ದಾಟಿ ಎಂದರು. ಆ ಕಡೆಯವರಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಫೋನ್ ಇಟ್ಟು, ಗಂಡನ ಬೆನ್ನು ನೀವುತ್ತಾ ಕೂತರಂತೆ. ಹೇಗೋ ಉಳಿದರು. ಮತ್ತೆ ಹಾಗಾದರೆ ಏನಂತ ಹೇಳಬೇಕು, ಅಣ್ಣನನ್ನು ಕೇಳಿಕೊಂಡು ಹೋಗೋಣ ಎಂದು ಬಂದಿದ್ದರು.

ಬಸ್ಸಿನಲ್ಲಿ ಹೋಗಿ ಬರುವ ನಮಗೆ ಸ್ಟಾಪಿನ ಹೆಸರು ಗೊತ್ತಿದ್ದರೆ ಸಾಕಾಗಿತ್ತು. ಇಷ್ಟು ವರ್ಷದಲ್ಲಿ ಒಂದು ಬೀದಿಗೂ ಹೆಸರಿಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿನ್ನ ಮುಂದಿರುವ ನಕ್ಷೆಯಲ್ಲಿ ಆ ಬೀದಿಗೆ ಏನೆಂದು ಬರೆದಿದ್ದೀರಿ, ನೋಡು ಮಗಳೇ. ಬರೀ ಒಂದು ಸಂಖ್ಯೆ ಇದ್ದರೆ ಅದರ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿರು. ನಾಳೆ ಹಗಲು ಅಲ್ಲಿಗೆ ಹೋಗಿ, ಏನೆಂದು ಕರೆಯಬೇಕು ಎಂದು ಮನೆಮನೆಯಲ್ಲಿ ಕೇಳಿಕೊಂಡು ಬಂದು ನಿನಗೆ ಬರೆಯುತ್ತೇನೆ.

ನಿನ್ನ ಅಮ್ಮ